ಕಪಿಲೆಯ ಕೆಂಪು ನೀರು

ಆಷಾಢದ ಒಂದು ಬೆಳಿಗ್ಗೆ ಸುತ್ತೂರಿನ ಹೊಳೆದಂಡೆಯಲ್ಲಿ ನಿಂತಿದ್ದೀರಿ ಎನ್ನಿ. ಊರಲ್ಲಿ ಒಂದು ಹನಿಯೂ ಬಿದ್ದಿಲ್ಲ. ಕಪಿಲೆ ಮಾತ್ರ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ. ‘ವೈನಾಡಲ್ಲಿ ಮಳೆ ಜೋರು’ ಅನ್ನುತ್ತಾರೆ ದಂಡೆಯವರು. ಯಾರೂ ವೈನಾಡಿಗೆ ಹೋಗಿ ನೋಡಿ ಬಂದದ್ದಲ್ಲ. ಹೀಗೆ ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವುದಕ್ಕೆ ನ್ಯಾಯದರ್ಶನದಲ್ಲಿ ‘ಶೇಷವತ್ ಅನುಮಾನ’ ಎಂದು ಹೆಸರು. ವಾತ್ಸ್ಯಾಯನನ ಭಾಷ್ಯ ಕೊಡುವ ಉದಾಹರಣೆಯೂ ತುಂಬಿದ ಹೊಳೆಯದೇ.

ಆಡುಮಾತಿನಲ್ಲಿ ಅನುಮಾನವೆಂದರೆ ಶಂಕೆ. ಶಾಸ್ತ್ರದಲ್ಲಿ ಅದು ತಿಳಿವಿನ ದಾರಿ. ಸತ್ತವರ ಬದುಕನ್ನು ಮಣ್ಣಿನಿಂದ ಓದಹೊರಟ ಪುರಾತತ್ತ್ವಕ್ಕೆ ಈ ಎರಡು ಅರ್ಥಗಳೂ ಬೇಕು.

ಶಂಕೆ ಯಾಕೆ ಬೇಕು? ನ್ಯಾಯಸೂತ್ರವೇ ಆಕ್ಷೇಪ ಎತ್ತುತ್ತದೆ: ನೀರಿಗೆ ಅಡ್ಡ ಕಟ್ಟಿದರೂ ಹೊಳೆ ತುಂಬುತ್ತದಲ್ಲ? ಬೀಚನಹಳ್ಳಿಯಲ್ಲಿ ಇದೇ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟೆಯ ಬಾಗಿಲು ಎತ್ತಿದ ದಿನ ನೆನೆಯುವವರಿಗೆ ಈ ಆಕ್ಷೇಪವನ್ನು ಬಿಡಿಸಿ ಹೇಳಬೇಕಿಲ್ಲ. ಬರೀ ನೀರೇರಿದ್ದನ್ನು ನೋಡಿ ಮಳೆಯೆನ್ನುವುದಿಲ್ಲ, ಎನ್ನುವುದು ಭಾಷ್ಯದ ಉತ್ತರ. ಸೆಳೆತ, ನೊರೆ, ತೇಲಿಬರುವ ಹಣ್ಣು, ಎಲೆ, ಕಟ್ಟಿಗೆ ಎಲ್ಲ ಸೇರಿದರೆ ಮಾತ್ರ ಅದು ಮಳೆಯ ಹೊಳೆ.

ಇದೇ ಕಪಿಲೆ ಕೆಳಗೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮದ ಬಳಿ 1959 ಮತ್ತು 1965ರ ನಡುವೆ ಎಂ. ಶೇಷಾದ್ರಿಯವರು ಮೂರು ಹಂಗಾಮು ಅಗೆಸಿದರು. ನವಶಿಲಾಯುಗದ ನೆಲೆ ಸಿಕ್ಕಿತು: ನಯಗೊಳಿಸಿದ ಕಲ್ಲುಕೊಡಲಿ, ಬೂದುಬಣ್ಣದ ಮಡಕೆ, ಉದ್ದಕ್ಕೆ ಮಲಗಿಸಿ ಪಕ್ಕದಲ್ಲಿ ಮಡಕೆಗಳನ್ನಿಟ್ಟು ಹೂಳಿದ ದೇಹ, ಸುಟ್ಟ ಮಣ್ಣಿನ ತಲೆದಿಂಬುಗಳು. ಇದ್ದಲಿನ ಕಾರ್ಬನ್ ಕಾಲಗಣನೆ ಕ್ರಿ.ಪೂ. 1800ರ ಆಸುಪಾಸಿಗೆ ಒಯ್ಯುತ್ತದೆ.

ಪ್ರಯೋಗಾಲಯ ಇಷ್ಟನ್ನು ಗಟ್ಟಿಯಾಗಿ ಹೇಳುತ್ತದೆ. ಆದರೆ ಆ ದಿಂಬಿನ ಮೇಲೆ ತಲೆಯಿಟ್ಟವರು ಊರಿನ ಹಿರಿಯರೋ, ಎಲ್ಲರೋ? ಮಣ್ಣಿನ ರಸಾಯನ ಇದಕ್ಕೆ ಬಾಯಿ ಬಿಡದು. ಬ್ರಿಟನ್ನಿನ ಪುರಾತತ್ತ್ವಜ್ಞ ಕ್ರಿಸ್ಟೋಫರ್ ಹಾಕ್ಸ್ 1954ರಲ್ಲಿ ಇದನ್ನೇ ಏಣಿಯ ಹಾಗೆ ವಿವರಿಸಿದ್ದರು: ವಸ್ತುವನ್ನು ಹೇಗೆ ಮಾಡಿದರೆಂದು ತಿಳಿಯುವುದು ಸುಲಭ, ಹೊಟ್ಟೆಪಾಡು ಹೇಗೆ ನಡೆಯಿತೆಂಬುದು ತುಸು ಕಷ್ಟ, ಸಮಾಜದ ಕಟ್ಟುಪಾಡು ಇನ್ನೂ ಕಷ್ಟ, ದೇವರು ದಿಂಡರ ವಿಷಯ ಎಲ್ಲಕ್ಕಿಂತ ಕಷ್ಟ. ಅವರದು ಅತಿಯಾದ ನಿರಾಶೆ ಎಂದು ನನಗನಿಸುತ್ತದೆ. ಈಗ ಹಲ್ಲಿನ ಹೊರಕವಚದ ಸ್ಟ್ರಾನ್ಷಿಯಂ ನೋಡಿ ಆ ಮನುಷ್ಯ ಎಂಥ ಕಲ್ಲುಮಣ್ಣಿನ ಸೀಮೆಯಲ್ಲಿ ಬಾಲ್ಯ ಕಳೆದನೆಂದು ಹೇಳಬಹುದು. ಒಂದು ಸ್ಮಶಾನದ ಹೆಂಗಸರೆಲ್ಲ ಹೊರಸೀಮೆಯವರೆಂದು ಕಂಡರೆ, ಹೆಣ್ಣು ಮದುವೆಯಾಗಿ ಬರುವ ಪದ್ಧತಿಯಿತ್ತೆಂದು ಅನುಮಾನಿಸಬಹುದು. ಸೆರೆ ಹಿಡಿದು ತಂದಿರಲೂಬಹುದಲ್ಲ? ಅಲ್ಲೇ ನೊರೆ, ಎಲೆ, ಕಟ್ಟಿಗೆ ಹುಡುಕಬೇಕು: ಅವರ ಗೋರಿಗಳಿಗೂ ಗಂಡಸರ ಗೋರಿಗಳಿಗೂ ವ್ಯತ್ಯಾಸವಿದೆಯೇ, ಮೂಳೆಯಲ್ಲಿ ಪೆಟ್ಟಿನ ಗುರುತಿದೆಯೇ, ತಿಂದ ಅನ್ನ ಒಂದೇ ಆಗಿತ್ತೇ?

ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಕಥೆಯಲ್ಲಿ ಈ ಕ್ರಮ ಚೆನ್ನಾಗಿ ಕಾಣುತ್ತದೆ. ಕುಡತಿನಿಯದು ರಾಕ್ಷಸನನ್ನು ಸುಟ್ಟ ಬೂದಿ ಎಂದು ಜನ ನಂಬಿದ್ದರು. ಸಗಣಿಯ ಬೂದಿಯಿರಬೇಕೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಊಹಿಸಿದರು. ಸೂಕ್ಷ್ಮದರ್ಶಕ ಮತ್ತು ರಾಸಾಯನಿಕ ಪರೀಕ್ಷೆ ಆ ಊಹೆಯನ್ನು ಎತ್ತಿಹಿಡಿಯಿತು. ಈಗ ತೆಲಂಗಾಣದಲ್ಲಿರುವ ಉತ್ನೂರಿನಲ್ಲಿ ಪುರಾತತ್ತ್ವಜ್ಞ ಆಲ್ಚಿನ್ 1957ರಲ್ಲಿ ಅಗೆದಾಗ ದೊಡ್ಡಿಯ ಗೂಟದ ಕುಳಿಗಳೂ ದನದ ಗೊರಸಿನ ಅಚ್ಚುಗಳೂ ಸಿಕ್ಕವು. ಮೂರು ಬೇರೆ ಬೇರೆ ಸಾಕ್ಷಿಗಳು ಒಂದೇ ಮಾತಾಡಿದ್ದರಿಂದ ದನಗಾರರ ದೊಡ್ಡಿಯೆಂಬುದು ನಿಂತಿತು. ಸಗಣಿಗೆ ಬೆಂಕಿ ಯಾಕೆ ಇಟ್ಟರು? ಆಲ್ಚಿನ್ ನಮ್ಮ ಸಂಕ್ರಾಂತಿಯ ಕಿಚ್ಚು ಹಾಯಿಸುವಂಥ ಆಚರಣೆಗಳ ಕಡೆ ಬೊಟ್ಟು ಮಾಡಿದರು. ಚೆಂದದ ಊಹೆ, ಆದರೆ ಅದು ಏಣಿಯ ಕೊನೆಯ ಮೆಟ್ಟಿಲು. ವಾದ ಇನ್ನೂ ಮುಗಿದಿಲ್ಲ.

ಸಾಕ್ಷಿಗಳು ಇದ್ದಲ್ಲೇ ಒಟ್ಟಿಗಿದ್ದರೆ ಮಾತ್ರ ಹೀಗೆ ಮಾತಾಡುತ್ತವೆ. ಹೊಲದಲ್ಲಿ ಸಿಕ್ಕ ಮಡಕೆಯೊಂದನ್ನೇ ಎತ್ತಿ ಮನೆಗೆ ತಂದರೆ ನೀರು ಉಳಿಯುತ್ತದೆ, ನೊರೆ ಎಲೆ ಹೋಗುತ್ತವೆ. ಆದ್ದರಿಂದ ನಂಜನಗೂಡು, ನರಸೀಪುರದ ಕಡೆ ಹೊಲ ಉಳುವವರಲ್ಲಿ ಒಂದು ಕೋರಿಕೆ. ನೇಗಿಲಿಗೆ ಹಳೆಯ ಮಡಕೆಯೋ ಮೂಳೆಯೋ ತಗುಲಿದರೆ ಕೀಳಬೇಡಿ. ಇದ್ದಲ್ಲೇ ಬಿಟ್ಟು, ಮೈಸೂರಿನಲ್ಲೇ ಇರುವ ರಾಜ್ಯ ಪುರಾತತ್ತ್ವ ಇಲಾಖೆಗೆ ಒಂದು ಮಾತು ತಿಳಿಸಿ.