ಶ್ರಮವನ್ನು ತೂಗುವ ತಕ್ಕಡಿ

ವರ್ತಕನ ಪ್ರಾಮಾಣಿಕತೆಯನ್ನು ಲೋಕವು ಮೊದಲು ಪರೀಕ್ಷಿಸುವುದು ಅವನ ತಕ್ಕಡಿಯಲ್ಲಿ. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಮತ್ತೊಂದು ಅಳತೆ ಬಳಸುವುದನ್ನು ತತ್ತ್ವಾರ್ಥಸೂತ್ರವು ಹೀನಾಧಿಕ ಮಾನೋನ್ಮಾನವೆಂದು ಹೆಸರಿಸಿ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಧಾನ್ಯ, ಬೆಲ್ಲ, ಅರಿವೆಗಳ ವಿಷಯದಲ್ಲಿ ಈ ದೋಷವನ್ನು ಗುರುತಿಸುವುದು ಸುಲಭ. ಆದರೆ ಮನುಷ್ಯನ ದುಡಿಮೆಯನ್ನು ತೂಗುವ ತಕ್ಕಡಿಯಲ್ಲಿಯೂ ಇದೇ ದೋಷವಿರಬಹುದೇ ಎಂದು ವಿಚಾರಿಸುವವರು ವಿರಳ.

ಅರ್ಥಶಾಸ್ತ್ರಜ್ಞರು ದುಡಿಮೆಯನ್ನು ತೂಗುವ ಕ್ರಮಕ್ಕೆ ‘ಕಾರ್ಮಿಕ ಉತ್ಪಾದಕತೆ’ ಎಂದು ಹೆಸರು. ಒಂದು ಉದ್ಯಮವು ತಯಾರಿಸಿದ ಸರಕಿನ ಬೆಲೆಯಿಂದ ಕಚ್ಚಾ ಮಾಲು, ಇಂಧನ ಮೊದಲಾದವುಗಳ ವೆಚ್ಚವನ್ನು ಕಳೆದು, ಉಳಿದ ಮೌಲ್ಯವನ್ನು ದುಡಿದವರ ಸಂಖ್ಯೆಯಿಂದ ಭಾಗಿಸಿದರೆ ಈ ಅಂಕೆ ದೊರೆಯುತ್ತದೆ. 2023–24ರಲ್ಲಿ ಭಾರತದ ದುಡಿಯುವ ಜನರಲ್ಲಿ ಸುಮಾರು ಶೇ. 46ರಷ್ಟು ಮಂದಿ ಕೃಷಿಯಲ್ಲಿದ್ದರು. ದೇಶದ ಒಟ್ಟು ಮೌಲ್ಯದಲ್ಲಿ ಕೃಷಿಯ ಪಾಲು ಶೇ. 18ರ ಆಸುಪಾಸಿನಲ್ಲಿತ್ತು. ಈ ಲೆಕ್ಕದಂತೆ ಹೊಲದಲ್ಲಿ ದುಡಿಯುವವನ ಉತ್ಪಾದಕತೆ ಇತರರದರ ಕಾಲು ಭಾಗದಷ್ಟು ಮಾತ್ರ. ಹಾಗಾದರೆ ಒಕ್ಕಲಿಗನು ಇತರರಿಗಿಂತ ನಾಲ್ಕು ಪಟ್ಟು ಸೋಮಾರಿಯೇ? ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಾರರು. ಆದರೆ ಕೂಲಿ ನಿರ್ಧರಿಸುವಾಗ, ಗೌರವ ಸಲ್ಲಿಸುವಾಗ ಅನೇಕರು ಹಾಗೆ ನಂಬಿದಂತೆಯೇ ನಡೆದುಕೊಳ್ಳುತ್ತಾರೆ.

ಈ ಅಂಕೆಯ ಒಳಗೇನಿದೆ ಎಂಬುದನ್ನು ತಿಳಿಯಲು ಬೆಳಗಾವಿ ಜಿಲ್ಲೆಯೊಂದೇ ಸಾಕು. ಉದ್ಯಮಬಾಗದ ಎರಕದ ಕಾರ್ಖಾನೆಗಳು, ವಡಗಾವಿ–ಖಾಸಬಾಗಗಳ ವಿದ್ಯುತ್ ಮಗ್ಗಗಳು, ಜಿಲ್ಲೆಯ ಅನೇಕ ತಾಲೂಕುಗಳಲ್ಲಿ ಹರಡಿರುವ ಸಕ್ಕರೆ ಕಾರ್ಖಾನೆಗಳು, ನಿಪ್ಪಾಣಿಯ ಬೀಡಿ ಉದ್ಯಮ — ಇವು ನಾಲ್ಕೂ ಒಂದೇ ಜಿಲ್ಲೆಯ ಜನರ ಅನ್ನದ ದಾರಿಗಳು.

ಎರಕದ ಕೆಲಸವನ್ನು ಟನ್ನುಗಳಲ್ಲಿ ಎಣಿಸುವ ರೂಢಿಯುಂಟು. ದೊಡ್ಡದಾದ ಒಂದೇ ಎರಕವು ಟನ್ನಿನ ಲೆಕ್ಕವನ್ನು ಬೇಗ ತುಂಬುತ್ತದೆ. ಸೂಕ್ಷ್ಮವಾದ ನೂರು ಚಿಕ್ಕ ಎರಕಗಳಿಗೆ ನೂರು ಅಚ್ಚು ಕಟ್ಟಬೇಕು. ಕೈ ಹೆಚ್ಚು ದುಡಿದರೂ ತೂಕ ಕಡಿಮೆ. ಮಗ್ಗದಲ್ಲಿ ಐವರು ದುಡಿದು ತಿಂಗಳಿಗೆ 3 ಲಕ್ಷ ರೂಪಾಯಿಯ ಸೀರೆ ನೇಯ್ದರೆಂದೂ, ನೂಲು, ಬಣ್ಣ, ವಿದ್ಯುತ್ತಿಗೆ 2 ಲಕ್ಷ ತಗುಲಿತೆಂದೂ ಇಟ್ಟುಕೊಳ್ಳೋಣ. ಉತ್ಪಾದಕತೆ ತಲಾ 20,000 ರೂಪಾಯಿ. ಮರುತಿಂಗಳು ನೂಲಿನ ದರವೇರಿ ವೆಚ್ಚವು 2,40,000 ಆಗಿ, ಸೀರೆಯ ದರ ಮಾತ್ರ ಏರದಿದ್ದರೆ, ಅಷ್ಟೇ ಸೀರೆ ನೇಯ್ದ ಅದೇ ಐವರ ಉತ್ಪಾದಕತೆ 12,000ಕ್ಕೆ ಇಳಿಯುತ್ತದೆ. ನೇಕಾರನ ಕೈ ಬದಲಾಗಲಿಲ್ಲ. ಬದಲಾದದ್ದು ಪೇಟೆಯ ಧಾರಣೆ.

ಸಕ್ಕರೆ ಕಾರ್ಖಾನೆಯಲ್ಲಿ ತಲಾ ಅಂಕೆ ಎತ್ತರವಾಗಿ ಕಾಣುವುದು ಕೋಟ್ಯಂತರ ರೂಪಾಯಿಯ ಯಂತ್ರಗಳ ಬಲದಿಂದ. ಇತ್ತ, ಕಡಿದ ಕಬ್ಬು ಗಾಣಕ್ಕೆ ಬೇಗ ಸೇರದಿದ್ದರೆ ಅದರಲ್ಲಿನ ಸಕ್ಕರೆಯ ಅಂಶ ಕ್ಷೀಣಿಸುತ್ತದೆ. ಚಳಿಯಲ್ಲಿ ನಸುಕಿಗೇ ಎದ್ದು ಕಬ್ಬು ಕಡಿದು ಹೇರುವ ಗ್ಯಾಂಗಿನವರ ಚುರುಕು ಕಾರ್ಖಾನೆಯ ಇಳುವರಿಯಲ್ಲಿ ಸೇರಿಹೋಗುತ್ತದೆ. ಅವರ ಹೆಸರು ಮಾತ್ರ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿರುವುದಿಲ್ಲ. ಫಲವು ಒಂದು ಖಾತೆಗೆ, ಬೆವರು ಮತ್ತೊಂದು ಖಾತೆಗೆ!

ಬೀಡಿಯದು ಇನ್ನೊಂದು ಬಗೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಎಷ್ಟೇ ಚುರುಕಾದ ಬೆರಳುಗಳಿಗೂ ಒಂದು ಮಿತಿಯುಂಟು. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆಯೇ ಬಂದಿತು. ಆದರೆ ಕಾಯ್ದೆಯಿಂದ ಬೆರಳಿನ ವೇಗ ಹೆಚ್ಚುವುದಿಲ್ಲ. ಹೆಚ್ಚಿದರೂ ಅದರಿಂದ ಬೆಳೆಯುವುದು ಸೇದುವವನ ರೋಗ. ತಯಾರಾದ ವಸ್ತುವು ಹಿತವೋ ಅಹಿತವೋ ಎಂಬುದನ್ನು ಈ ತಕ್ಕಡಿ ತೂಗುವುದೇ ಇಲ್ಲ.

ಹಾಗೆಂದ ಮಾತ್ರಕ್ಕೆ ಉತ್ಪಾದಕತೆಯ ಲೆಕ್ಕವನ್ನೇ ತ್ಯಜಿಸಬೇಕೆಂದಲ್ಲ. ಗುಂಡುಸೂಜಿಯ ಕೆಲಸವನ್ನು ಹಂಚಿಕೊಂಡ ಹತ್ತು ಮಂದಿ ದಿನಕ್ಕೆ 48,000 ಸೂಜಿಗಳನ್ನು ಮಾಡಬಲ್ಲರೆಂದು ಆಡಂ ಸ್ಮಿತ್ 1776ರಲ್ಲಿ ತೋರಿಸಿಕೊಟ್ಟನು. ಒಳ್ಳೆಯ ಉಪಕರಣ, ಒಳ್ಳೆಯ ಬೆಳಕು, ಸರಿಯಾದ ತರಬೇತಿ ಇವುಗಳಿಂದ ಅದೇ ಶ್ರಮಕ್ಕೆ ಅಧಿಕ ಫಲ ದೊರೆಯುತ್ತದೆ. ಮನುಷ್ಯನ ಶ್ರಮವನ್ನು ವ್ಯರ್ಥವಾಗಿಸುವುದೂ ಒಂದು ದೋಷವೇ. ಆದರೆ ದಿನದ ಅಂಕೆಯನ್ನು ಏರಿಸಲು ಇನ್ನೊಂದು ದಾರಿಯೂ ಉಂಟು: ವಿಶ್ರಾಂತಿಯನ್ನು ಮೊಟಕುಗೊಳಿಸುವುದು, ನಾಲ್ವರ ಕೆಲಸವನ್ನು ಮೂವರ ಹೆಗಲಿಗೇರಿಸುವುದು. ಕಾಗದದ ಮೇಲೆ ಎರಡೂ ಒಂದೇ ಬಗೆಯ ಏರಿಕೆ. ಧರ್ಮದೃಷ್ಟಿಯಲ್ಲಿ ಮೊದಲನೆಯದು ವಿವೇಕ, ಎರಡನೆಯದು ಅಹಿಂಸಾಣುವ್ರತಕ್ಕೆ ಕುಂದು ತರುವ ಅತಿಭಾರಾರೋಪಣ. ಎತ್ತಿನ ಮೇಲೆ ಮಿತಿಮೀರಿದ ಹೇರು ಹೊರಿಸಬಾರದೆಂದು ಒಪ್ಪುವ ಶ್ರಾವಕನು ಮನುಷ್ಯನ ವಿಷಯದಲ್ಲಿ ಬೇರೆ ನಿಯಮವನ್ನು ಹುಡುಕಲಾಗದು.

ಇಲ್ಲೊಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ನಾಲ್ಕು ಮಗ್ಗದ ಒಡೆಯನು ಸಕ್ಕರೆ ಕಾರ್ಖಾನೆಯಷ್ಟು ಸಂಬಳವನ್ನು ಎಲ್ಲಿಂದ ತಂದಾನು? ನಿಜ, ತರಲಾರನು. ಆದರೆ ‘ನನಗೆ ಕೊಡಲು ಶಕ್ತಿಯಿಲ್ಲ’ ಎಂಬ ಮಾತಿಗೂ ‘ಅವನ ದುಡಿಮೆಗೆ ಅಷ್ಟು ಬೆಲೆಯಿಲ್ಲ’ ಎಂಬ ಮಾತಿಗೂ ಅಜಗಜಾಂತರವಿದೆ. ಮೊದಲನೆಯದು ಸತ್ಯ, ಅದು ಒಡೆಯನನ್ನು ವಿನಯವಂತನನ್ನಾಗಿಸಿ ಉಪಾಯ ಹುಡುಕಲು ಪ್ರೇರೇಪಿಸುತ್ತದೆ. ಎರಡನೆಯದು ಸುಳ್ಳು, ಅದು ಅವನ ಮನಸ್ಸಾಕ್ಷಿಯನ್ನು ಮಲಗಿಸುತ್ತದೆ. ಶಕ್ತಿಯಿಲ್ಲವೆಂದವನು, ಧಾರಣೆ ಏರಿ ಲಾಭ ಬಂದ ವರ್ಷ ಆ ಲಾಭದಲ್ಲಿ ದುಡಿದವನ ಪಾಲನ್ನು ತಾನಾಗಿಯೇ ನೆನೆಯಬೇಕು. 1965ರ ಬೋನಸ್ ಕಾಯ್ದೆಯು ಕನಿಷ್ಠ ಶೇ. 8.33ರ ಗೆರೆ ಎಳೆಯಿತು. ಕಾನೂನಿನ ಗೆರೆ ಎಲ್ಲಿ ಮುಗಿಯುವುದೋ ಅಲ್ಲಿಂದಲೇ ವ್ರತಿಕನ ವಿಚಾರ ಆರಂಭವಾಗತಕ್ಕದ್ದು.

ಈ ವಿಚಾರವು ಬಸದಿಗಳ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ಎಷ್ಟು ಶತಮಾನ ಕಳೆದರೂ ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ನಾಲ್ವರೇ ಬೇಕು, ಅಷ್ಟೇ ಹೊತ್ತೂ ಬೇಕು ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಬೌಮೋಲ್ ಮತ್ತು ಬೋವೆನ್ 1966ರಲ್ಲಿ ವಿವರಿಸಿದರು. ಯಂತ್ರೋದ್ಯಮದಲ್ಲಿ ಕೂಲಿ ಏರಿದಂತೆ ಇಂಥ ಕೆಲಸಗಳ ಕೂಲಿಯೂ ಏರಲೇಬೇಕು. ಇಲ್ಲವಾದರೆ ಅವನ್ನು ಮಾಡುವವರೇ ಉಳಿಯರು. ಅಭಿಷೇಕಕ್ಕೆ ಅಣಿಮಾಡುವ ಅರ್ಚಕ, ವಿದ್ಯಾರ್ಥಿನಿಲಯದ ಅಡುಗೆಯವರು, ಅಂಗಳ ಗುಡಿಸುವ ಹೆಂಗಸು, ಪಾಠಶಾಲೆಯ ಉಪಾಧ್ಯಾಯ ಇವರೆಲ್ಲರೂ ಇದೇ ಪಂಕ್ತಿಯವರು. ಅವರ ಕೆಲಸದಿಂದ ಟ್ರಸ್ಟಿಗೆ ಆದಾಯವಿಲ್ಲವೆಂಬ ಕಾರಣದಿಂದ ಹತ್ತು ವರ್ಷದ ಹಿಂದಿನ ಸಂಬಳವನ್ನೇ ಮುಂದುವರಿಸಿ, ಅದೇ ವರ್ಷ ಹೊಸ ಶಿಲಾಮಂಟಪಕ್ಕೆ ಉದಾರವಾಗಿ ವೆಚ್ಚ ಮಾಡುವುದು ಲೆಕ್ಕಪತ್ರದಲ್ಲಿ ಸರಿಯಾಗಿ ಕಂಡೀತು, ತಕ್ಕಡಿಯಲ್ಲಿ ಸರಿದೂಗದು.

ಅಳತೆಗೋಲು ಮನುಷ್ಯನ ಸೇವಕನೇ ಹೊರತು ನ್ಯಾಯಾಧೀಶನಲ್ಲ. ಒಂದು ಕಸುಬು ಎಷ್ಟು ಹಣ ತರುತ್ತದೆಂಬುದನ್ನು ಉತ್ಪಾದಕತೆಯ ಅಂಕೆ ಹೇಳಬಲ್ಲದು. ಆ ಕಸುಬಿನಲ್ಲಿ ಸವೆದ ಜೀವಕ್ಕೆ ಎಷ್ಟು ಸಲ್ಲಬೇಕೆಂಬುದನ್ನು ಲೆಕ್ಕದ ಪುಸ್ತಕದ ಮುಂದೆ ಕುಳಿತವನೇ ತೀರ್ಮಾನಿಸಬೇಕು. ವರ್ಷಾಂತ್ಯದಲ್ಲಿ ಬಟ್ಟುಗಳಿಗೆ ಮುದ್ರೆ ಹಾಕಿಸುವ ವರ್ತಕನು ಈ ಒಂದು ಬಟ್ಟನ್ನೂ ಪರೀಕ್ಷಿಸಿಕೊಳ್ಳುವುದು ಶ್ರೇಯಸ್ಕರ.