ಮುಕ್ತ ಮಾರುಕಟ್ಟೆಯಲ್ಲಿ ಮುಕ್ತರು ಯಾರು?

ದಾರಿದ್ರ್ಯವನ್ನು ಸದ್ಗುಣವೆಂದು ಕೊಂಡಾಡುವವರು ಸಾಮಾನ್ಯವಾಗಿ ಹಸಿವನ್ನು ಕಂಡವರಲ್ಲ. ಆದುದರಿಂದ ರಾಷ್ಟ್ರದ ಸಂಪತ್ತು ಬೆಳೆಯಬೇಕೆಂಬುದರಲ್ಲಿ ವಾಚಕರಿಗೆ ಭಿನ್ನಾಭಿಪ್ರಾಯವಿರಲಾರದು. ಸ್ವಾತಂತ್ರ್ಯಾನಂತರದ ಮೊದಲ ಮೂರು ದಶಕಗಳಲ್ಲಿ ನಮ್ಮ ರಾಷ್ಟ್ರೀಯ ಉತ್ಪನ್ನವು ವರ್ಷಕ್ಕೆ ಸರಾಸರಿ ಶೇ. 3.5ರಷ್ಟು ಮಾತ್ರ ಹೆಚ್ಚುತ್ತಿತ್ತು. ದೊಡ್ಡ ಕಾರ್ಖಾನೆಯೊಂದನ್ನು ತೆರೆಯಲು ಮಾತ್ರವಲ್ಲ, ಇದ್ದುದನ್ನು ಹಿಗ್ಗಿಸಲೂ ದೆಹಲಿಯ ಅಪ್ಪಣೆ ಬೇಕಾಗಿತ್ತು. 1991ರಲ್ಲಿ ವಿದೇಶೀ ವಿನಿಮಯವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಾಗಿ, ದೇಶದ ಚಿನ್ನವನ್ನು ಪರದೇಶದಲ್ಲಿ ಅಡವಿಡಬೇಕಾಯಿತು. ಆ ವರ್ಷ ಜುಲೈ 24ರಂದು ಪಿ.ವಿ. ನರಸಿಂಹರಾಯರ ಸರ್ಕಾರವು 18 ಉದ್ಯಮಗಳನ್ನುಳಿದು ಮಿಕ್ಕವಕ್ಕೆಲ್ಲ ಪರವಾನಗಿಯ ಕಟ್ಟನ್ನು ಬಿಚ್ಚಿತು. ಮುಂದಿನ ದಶಕಗಳಲ್ಲಿ ಬೆಳವಣಿಗೆಯ ಗತಿ ಶೇ. 6ರ ಆಸುಪಾಸಿಗೆ ಏರಿತು. (ಏರಿಕೆಯು 1980ರ ದಶಕದಲ್ಲಿಯೇ ಮೊದಲಾಗಿತ್ತೆಂಬುದನ್ನೂ ಹೇಳಿಬಿಡುವುದು ನ್ಯಾಯ.)

ದೊಡ್ಡಬಳ್ಳಾಪುರದ ಮಗ್ಗುಲಿನ ಬಾಶೆಟ್ಟಿಹಳ್ಳಿಯನ್ನು ಕಂಡವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯ ಹೊಲಗಳಿದ್ದೆಡೆ ಇಂದು ಕಾರ್ಖಾನೆಗಳ ಸಾಲು. ಬೆಳಗಿನ ಪಾಳಿಗೆ ಉಡುಪಿನ ಕಾರ್ಖಾನೆಗಳತ್ತ ನಡೆಯುವ ಹೆಣ್ಣುಮಕ್ಕಳ ಗುಂಪು. ತನ್ನ ಹೆಸರಿನಲ್ಲಿ ಸಂಬಳ ಪಡೆಯುವ ಹೆಣ್ಣುಮಗಳು ಮನೆಯಲ್ಲಿ ಮಾತನಾಡುವ ದನಿಯೇ ಬೇರೆ. ಕಾಯಕವನ್ನು ಪೂಜ್ಯವೆಂದೆಣಿಸುವ ನಾವು ಇದನ್ನು ಹಗುರವಾಗಿ ಕಾಣಲಾಗದು.

ಆದರೆ ಮಾರುಕಟ್ಟೆ ಎಂದರೇನು? ಕೊಡುವವನೂ ಕೊಳ್ಳುವವನೂ ತಂತಮ್ಮ ಇಚ್ಛೆಯಿಂದ ಸೇರುವ ಎಡೆ. ಸಂತೆಯಲ್ಲಿ ಬೆಲೆ ಒಪ್ಪದಿದ್ದರೆ ರೈತನು ತನ್ನ ಮೂಟೆಯನ್ನು ಗಾಡಿಗೇರಿಸಿ ಮನೆಗೆ ಮರಳಬಹುದು. ಕೈಗಾರಿಕಾ ಪ್ರದೇಶಕ್ಕೆಂದು ಗುರುತಾದ ಭೂಮಿಯ ಒಡೆಯನಿಗೆ ಆ ದಾರಿಯಿಲ್ಲ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಂತೆ ಸರ್ಕಾರವು ಅವನ ಆಕ್ಷೇಪಣೆಯನ್ನು ಆಲಿಸಿಯೂ ಅವನ ಹೊಲವನ್ನು ತನ್ನದಾಗಿಸಿಕೊಳ್ಳಬಹುದು. ಉದ್ಯಮಿಯ ಕೈಕಟ್ಟು ಬಿಚ್ಚಿದ ಕಾಲದಲ್ಲಿ ಈ ಕಟ್ಟು ಸಡಿಲಲಿಲ್ಲ. ಕೊಳ್ಳುವವನಿಗೆ ಮಾರುಕಟ್ಟೆ, ಕೊಡುವವನಿಗೆ ರಾಜಾಜ್ಞೆ ಎಂದಾದರೆ ಅದನ್ನು ಮುಕ್ತವೆಂದು ಕರೆಯುವುದು ಹೇಗೆ?

ಒಬ್ಬೊಬ್ಬರ ಒಪ್ಪಿಗೆ ಕೇಳುತ್ತ ಕುಳಿತರೆ ಯಾವ ಕಾರ್ಖಾನೆಯೂ ಏಳದೆಂಬ ವಾದವುಂಟು, ಅದರಲ್ಲಿ ತಿರುಳಿಲ್ಲವೆನ್ನಲಾರೆ. ಆದರೂ ಒಪ್ಪಿಗೆಯಿಂದ ಬೆಲೆ ಏರುವುದಾದರೆ, ಆ ಏರಿದ ಬೆಲೆಯೇ ಭೂಮಿಯ ನಿಜವಾದ ಬೆಲೆ. ಅದನ್ನು ಕೊಡದೆ ಉಳಿಸಿದ್ದನ್ನು ಲಾಭವೆಂದು ಬರೆಯುವುದು ಲೆಕ್ಕದ ದೋಷ.

ಲೆಕ್ಕದ ದೋಷ ಇನ್ನೊಂದಿದೆ. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ದೊಡ್ಡಬಳ್ಳಾಪುರದ ಚರಂಡಿಯ ನೀರೂ ಸೇರಿ ದೊಡ್ಡತುಮಕೂರಿನ ಕೆರೆ ಕೆಟ್ಟಿತೆಂದು ಅಲ್ಲಿನ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಊರಿನ ಬಾವಿಯಿಂದ ನೀರು ಸೇದಿ ಕುಡಿದರೆ ರಾಷ್ಟ್ರೀಯ ಉತ್ಪನ್ನ ಒಂದು ಕಾಸೂ ಹೆಚ್ಚದು. ಬಾವಿ ಕೆಟ್ಟು ನೀರನ್ನು ಕ್ಯಾನಿನಲ್ಲಿ ಕೊಂಡರೆ ಹೆಚ್ಚುತ್ತದೆ! ಕಳೆದುಕೊಂಡದ್ದನ್ನು ಬರೆಯಲು ಆ ಪುಸ್ತಕದಲ್ಲಿ ಪುಟವೇ ಇಲ್ಲ.

ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನದ ವಿರುದ್ಧ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿಯೂ, ಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಹೆಚ್ಚಿನ ಬೆಲೆಗೆ ಪಡೆಯುವುದಾಗಿಯೂ ಘೋಷಿಸಿದರು. ಮಾರುವುದಿಲ್ಲವೆನ್ನುವ ಅಧಿಕಾರವು ಮಾರಬೇಕಾದವನಿಗೂ ಉಂಟೆಂದು ಈ ಸೀಮೆಯಲ್ಲಿ ಒಪ್ಪಿಸಿಕೊಳ್ಳಲು 1991ರಿಂದ ಮೂವತ್ತನಾಲ್ಕು ವರ್ಷ ಹಿಡಿಯಿತು.