ರೋಗವು ಪಾಪದ ಫಲವೋ?

ಸಭೆಯವರಲ್ಲಿ ಯಾರಿಗಾದರೂ ಅರ್ಬುದ ರೋಗ, ಅಂದರೆ ಕ್ಯಾನ್ಸರ್, ಉಂಟಾಯಿತೆಂದು ಕೇಳಿದ ಕೂಡಲೆ, ಇವರು ಗುಪ್ತವಾಗಿ ಯಾವ ಪಾಪವನ್ನು ಮಾಡಿದರೋ ಎಂದು ಪಿಸುಗುಟ್ಟುವವರುಂಟು. ರೋಗಿಯೂ ರಾತ್ರಿಯಲ್ಲಿ ನಿದ್ರೆಯಿಲ್ಲದೆ ತನ್ನನ್ನೇ ಹಾಗೆ ಕೇಳಿಕೊಳ್ಳುವನು. ಈ ಪ್ರಶ್ನೆಯು ನ್ಯಾಯವಾದದ್ದೋ ಎಂಬದನ್ನು ವಿಚಾರಿಸೋಣ.

ನಮ್ಮ ಶರೀರವು ಲಕ್ಷಾಂತರ ಕೋಟಿ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಕೋಶವು ಹೇಗೆ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ವಿಧಿಗಳು ಅದರೊಳಗಣ ಡಿ.ಎನ್.ಎ. ಎಂಬ ಪದಾರ್ಥದಲ್ಲಿ ಸುಮಾರು 600 ಕೋಟಿ ಅಕ್ಷರಗಳಿಂದ ಬರೆಯಲ್ಪಟ್ಟಂತಿವೆ. ಕೋಶವು ಎರಡಾಗುವಾಗ ಈ ಬರಹವೆಲ್ಲವೂ ನಕಲಾಗಬೇಕು. ಓಲೆಗರಿಯ ಗ್ರಂಥವನ್ನು ನಕಲು ಮಾಡುವವನು ಎಷ್ಟು ಜಾಗರೂಕನಾದರೂ ಎಲ್ಲಿಯಾದರೂ ಒಂದು ಅಕ್ಷರವನ್ನು ತಪ್ಪುವಂತೆ, ಇಲ್ಲಿಯೂ ತಪ್ಪುಗಳು ಬೀಳುವವು. ಹೆಚ್ಚಿನವನ್ನು ಕೋಶವು ತಾನೇ ತಿದ್ದಿಕೊಳ್ಳುವದು. ಉಳಿದವುಗಳಲ್ಲಿ ಬಹಳವು ಕೇಡು ಮಾಡವು. ಆದರೆ ಬೆಳವಣಿಗೆಯನ್ನು ಅಂಕೆಯಲ್ಲಿಡುವ ವಿಧಿಗಳೇ ಒಂದರ ಹಿಂದೊಂದು ಕೆಟ್ಟುಹೋದರೆ, ಆ ಕೋಶವು ಮೇರೆಯಿಲ್ಲದೆ ಹೆಚ್ಚಿ ಅರ್ಬುದವಾಗುವದು.

ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಟೊಮಾಸೆಟ್ಟಿ, ವೋಗಲ್‌ಸ್ಟೈನ್ ಮೊದಲಾದ ಪಂಡಿತರು 2017ರಲ್ಲಿ 32 ವಿಧದ ಕ್ಯಾನ್ಸರುಗಳನ್ನು ಪರಿಶೋಧಿಸಿ, ಅವುಗಳಿಗೆ ಕಾರಣವಾದ ಮಾರ್ಪಾಟುಗಳಲ್ಲಿ ನೂರಕ್ಕೆ ಸುಮಾರು 66 ಇಂಥ ನಕಲಿನ ತಪ್ಪುಗಳಿಂದಲೂ, 29 ಹೊಗೆಸೊಪ್ಪು ಮೊದಲಾದ ಹೊರಗಣ ಕಾರಣಗಳಿಂದಲೂ, 5 ವಂಶದಿಂದಲೂ ಬಂದವೆಂದು ಲೆಕ್ಕಹಾಕಿದರು. ಇದು ಮಾರ್ಪಾಟುಗಳ ಲೆಕ್ಕವೇ ಹೊರತು ರೋಗಿಗಳ ಲೆಕ್ಕವಲ್ಲ. ಹಲವು ತಪ್ಪುಗಳು ಕೂಡಿದ ಮೇಲೆಯೇ ಸಾಮಾನ್ಯವಾಗಿ ರೋಗವು ಹುಟ್ಟುವದರಿಂದ, ತಡೆಯಬಹುದಾದ ಕೆಲವನ್ನು ತಡೆದರೂ ಅನೇಕರು ಉಳಿಯುವರು. ಆದಕಾರಣ ಹೊಗೆಸೊಪ್ಪನ್ನು ಬಿಡುವದು ನಮ್ಮ ಕರ್ತವ್ಯವೇ ಸರಿ.

ಆದರೆ ತಪ್ಪು ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿರುವದನ್ನು ಮರೆಯಬಾರದು. ಕೋಶದ ತಪ್ಪಿನಲ್ಲಿ ಮನಸ್ಸಿಲ್ಲ; ಮನಸ್ಸಿಲ್ಲದಲ್ಲಿ ಅಪರಾಧವೂ ಇಲ್ಲ. ಹೊಗೆಸೊಪ್ಪನ್ನು ತಿಂದು ರೋಗಿಯಾದವನಿಗೂ ನಾವು ನ್ಯಾಯಾಧಿಪತಿಗಳಲ್ಲ. ಅವನಷ್ಟೇ ತಿಂದ ನೆರೆಯವನು ಮುಪ್ಪಿನ ವರೆಗೂ ಸುಖವಾಗಿರುವದುಂಟು.

ಹುಟ್ಟುಕುರುಡನನ್ನು ಕಂಡು ಶಿಷ್ಯರು ದೋಷವು ಯಾರದೆಂದು ಹುಡುಕಿದಾಗ, ನಮ್ಮ ಕರ್ತನು ಅದನ್ನು ಅವನ ಮೇಲಾಗಲಿ ಅವನ ತಂದೆತಾಯಿಗಳ ಮೇಲಾಗಲಿ ಹೊರಿಸದೆ, ಕೆಸರು ಮಾಡಿ ಅವನ ಕಣ್ಣುಗಳಿಗೆ ಹಚ್ಚಿದನೆಂದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಓದುತ್ತೇವೆ. ನಾವಾದರೂ ರೋಗಿಯ ಮನೆಗೆ ಹೋಗುವಾಗ ಆ ಪ್ರಶ್ನೆಯನ್ನು ಬಾಗಿಲ ಹೊರಗೇ ಬಿಟ್ಟು ಹೋಗೋಣ. ಗಂಜಿಯನ್ನು ಒಯ್ಯೋಣ, ಆಸ್ಪತ್ರೆಗೆ ಜೊತೆಯಾಗಿ ನಡೆಯೋಣ, ಹಾಸಿಗೆಯ ಬಳಿಯಲ್ಲಿ ಕೂತು ಪ್ರಾರ್ಥಿಸೋಣ.